ಮುಂದೆ ಹೋಗಿ ಒಲೆ ಹೂಡುವವಳು

ಶಾಲೆಯ ಭೂಪಟದ ಅಂಚು ಹರಿದಿರದಿದ್ದರೆ ನಮಗೆ ಆ ಪ್ರವಾಸದ ಹುಚ್ಚು ಹತ್ತುತ್ತಲೇ ಇರಲಿಲ್ಲ. ಅಂಚಿಗೆ ಬಟ್ಟೆ ಅಂಟಿಸೋಣ ಅಂತ ಅದನ್ನು ಹೊಸದುರ್ಗದ ನನ್ನ ಬಾಡಿಗೆ ಮನೆಗೆ ತಂದಿದ್ದೆ. ರಾಜ್ಯಕ್ಕೆ ಕರ್ನಾಟಕ ಅಂತ ಹೊಸ ಹೆಸರು ಬಂದಿದ್ದರೂ ನಮ್ಮ ಭೂಪಟದಲ್ಲಿ ಇನ್ನೂ ಮೈಸೂರು ಅಂತಲೇ ಇತ್ತು. ನಡುಮನೆಯಲ್ಲಿ ಹಾಸಿಕೊಂಡು ಗೋಂದು ಹಚ್ಚುತ್ತಾ ಕೂತಿದ್ದೆ. ಜಗಲಿಯಲ್ಲಿದ್ದ ಅಪ್ಪ ಒಳಗೆ ಬಂದು ನನ್ನ ಹಿಂದೆ ನಿಂತ.

"ಈ ನೀಲಿದು ಏನು?" ಅಂದ.

ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಅವ್ವ ಸತ್ತ ಮೇಲೆ ಅಪ್ಪ ತಾನಾಗಿ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ನಮ್ಮದು ಬಾಗೂರು ಕಡೆಯ ಕುರಿಯವರ ಮನೆ. ಸುಗ್ಗಿ ಮುಗಿಯುತ್ತಲೇ ಅಪ್ಪ, ಅವ್ವ ಕುರಿ ಹೊಡೆದುಕೊಂಡು ಪಡುವಣ ದಿಕ್ಕಿಗೆ ಹೊರಡುತ್ತಿದ್ದರು. ಅಲ್ಲಿನ ರೈತರು ಗೊಬ್ಬರ ಆಗಲಿ ಅಂತ ಕುರಿಗಳನ್ನು ತಮ್ಮ ಹೊಲದಲ್ಲಿ ಮಲಗಿಸಿಕೊಂಡು ಕಾಳುಕಡ್ಡಿ ಕೊಡುತ್ತಿದ್ದರು. ನಾನು ಮಾತ್ರ ಚಿತ್ರದುರ್ಗದ ಹಾಸ್ಟೆಲಿನಲ್ಲಿ ಉಳಿದು ಓದಿ, ಟೀಚರಾದೆ. ಒಂದು ಮಳೆಗಾಲದಲ್ಲಿ ಅವ್ವ ಜ್ವರ ಬಂದು ಹೋಗಿಬಿಟ್ಟಳು. ಅಪ್ಪ ಕುರಿಯನ್ನೆಲ್ಲ ಚಿಕ್ಕಪ್ಪನಿಗೆ ಒಪ್ಪಿಸಿ, ಹೆಗಲ ಮೇಲೆ ಒಂದು ಕಂಬಳಿ ಹಾಕಿಕೊಂಡು ನನ್ನ ಮನೆಗೆ ಬಂದ. ಬಂದವನು ಬಾಯಿ ಬಿಡಲಿಲ್ಲ. ಉಂಡೆಯಾ ಅಂದರೆ ಹೂಂ, ಇನ್ನೊಂದಿಷ್ಟು ಬಡಿಸಲಾ ಅಂದರೆ ಊಹೂಂ. ಗೋಡೆಯನ್ನು ಮಾತಾಡಿಸಿದ್ದರೆ ಸ್ವಲ್ಪ ಸುಣ್ಣವಾದರೂ ಉದುರುತ್ತಿತ್ತು. ನನಗೂ ಅವ್ವ ಸತ್ತಿದ್ದಳಲ್ಲ! ಅಳುವುದಕ್ಕಾಗಲಿ, ಜಗಳಕ್ಕಾಗಲಿ ನನಗೆ ಇದ್ದವನು ಅವನೊಬ್ಬನೇ. ಒಂದೇ ಸೂರಿನ ಕೆಳಗೆ ಇಬ್ಬರಿದ್ದೂ ನಾನು ಒಂಟಿಯಾಗಿದ್ದೆ.

"ಅದು ಸಮುದ್ರ ಕಣಪ್ಪ" ಅಂದೆ.

"ಮಾರಿಕಣಿವೆ ಡ್ಯಾಮಿನಷ್ಟು ಇರತೈತಾ?"

ಹಿರಿಯೂರಿನ ಆ ಡ್ಯಾಮಿಗಿಂತ ದೊಡ್ಡ ನೀರನ್ನು ಅವನು ಕಂಡಿರಲಿಲ್ಲ. "ಅಯ್ಯೋ ಅಪ್ಪಾ, ಅಂಥ ಡ್ಯಾಮನ್ನ ತಂದು ಸುರಿದ್ರೂ ಸಮುದ್ರಕ್ಕೆ ಗೊತ್ತೇ ಆಗಲ್ಲ" ಅಂದೆ. ಅವನು ಕುಕ್ಕರುಗಾಲಲ್ಲಿ ಕೂತು, ಕಂದು ಬಣ್ಣದ ಘಟ್ಟದ ಮೇಲೆ ಬೆರಳಾಡಿಸಿದ. "ಈ ಬುಡದಾಗೆ ನಿಂತು ನೋಡಿದ್ದೀವಿ. ಆ ಕಡೀಕೆ ಹೋಗಲಿಲ್ಲ. ಶೀತಕ್ಕೆ ಕುರಿ ಗೊರಸು ಕೊಳೀತಾವೆ."

'ನೋಡಿದ್ದೀವಿ' ಅಂದಿದ್ದ. ಜೊತೆಯಲ್ಲಿ ಯಾರಿದ್ದರು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಮತ್ತೆ ಜಗಲಿಗೆ ಎದ್ದು ಹೋದಾನು ಅಂತ ಭಯ. ಅದಕ್ಕೇ, "ಈಗ ಹೋಗಾಣ ಬಾ, ಬೇಸಿಗೆ ರಜೆ ಬಿಡಲಿ" ಅಂದುಬಿಟ್ಟೆ.

ಅಲ್ಲಿಂದ ಶುರುವಾಯಿತು. ಶಾಲೆಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅಪ್ಪ ಭೂಪಟ ಹಾಸಿ ಕೂತಿರುತ್ತಿದ್ದ. ಹೊಳಲ್ಕೆರೆ ಮೇಲೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಘಟ್ಟ ಇಳಿದರೆ ಮಲ್ಪೆಯ ಕಡಲು. ಅರಣ್ಯ ಇಲಾಖೆಯ ಬಂಗಲೆಗಳಲ್ಲಿ ಇಳಿಯಬಹುದು ಅಂದರೆ ಅಪ್ಪ ಮೂಗು ಮುರಿದ. "ನಾಕು ಗ್ವಾಡೆ ನಡುವೆ ಮಲಗಾಕೆ ಅಷ್ಟು ದೂರ ಯಾಕೆ ಹೋಗಬೇಕು?" ಸರಿ, ಬಯಲಲ್ಲೇ ಮಲಗುವುದು ಅಂತಾಯಿತು. ಶಾಲೆಯ ಟಾರ್ಪಾಲು ಕೇಳಿ ತಂದೆ. ಅಪ್ಪ ಅದನ್ನು ಮೂಸಿ ನೋಡಿ, "ಕಂಬಳಿ ಇದ್ದಂಗೆ ಆಗಲ್ಲ" ಅಂದ.

ಪಕ್ಕದ ಮನೆಯಲ್ಲೇ ಇದ್ದ ಮನೆಯ ಒಡತಿ ಇಣುಕಿ ನೋಡಿ, "ಏನ್ ಟೀಚರಮ್ಮಾ, ಗಂಡು ಹುಡುಕೋ ವಯಸ್ಸಿನಾಗೆ ಸಮುದ್ರ ಹುಡುಕ್ತಿದೀರಲ್ರಿ!" ಅಂದಳು. "ಸಮುದ್ರ ವರದಕ್ಷಿಣೆ ಕೇಳಲ್ಲ ಕಣ್ರಿ" ಅಂದೆ. ಅಪ್ಪನ ಮೀಸೆಯ ಮರೆಯಲ್ಲಿ ನಗು ಸುಳಿದಂತಿತ್ತು. ಅಷ್ಟಕ್ಕೇ ನನಗೆ ಹಬ್ಬವಾಯಿತು.

ಆದರೆ ಅವನ ಲೆಕ್ಕಾಚಾರ ಕೇಳಿದರೆ ತಲೆ ಚಚ್ಚಿಕೊಳ್ಳಬೇಕು. ನಾವು ಬುತ್ತಿ ಬಿಚ್ಚುವಷ್ಟರಲ್ಲಿ ಬಸ್ಸು ದಾಟಿಬಿಡುವ ದಾರಿಗೆ, ಕುರಿ ದಿನಕ್ಕೆ ನಡೆಯುವಷ್ಟು ದೂರಕ್ಕೊಂದರಂತೆ ಬೀಡು ಗುರುತು ಮಾಡುತ್ತಿದ್ದ.

"ತೀರ್ಥಳ್ಳಿ ತಾವ ಮೇವು ಹೆಂಗೈತಂತೆ?"

"ಮೇವು ಯಾರಿಗಪ್ಪಾ? ನನಗೋ, ನಿನಗೋ?"

"ಥೂ, ಮರ್ತೇಹೋಯ್ತು" ಅನ್ನುತ್ತಿದ್ದ. ಮರುದಿನ ಇನ್ನೊಂದು ಊರಿನ ಮೇವು ಕೇಳುತ್ತಿದ್ದ. ಸಿಟ್ಟು ನೆತ್ತಿಗೇರುತ್ತಿತ್ತು, ಆದರೂ ಸುಮ್ಮನಿರುತ್ತಿದ್ದೆ. ಸಮುದ್ರ ಹಾಳಾಗಿ ಹೋಗಲಿ, ನನಗೆ ಬೇಕಾಗಿದ್ದು ಅವನ ಮಾತು. ದಾರಿಯಲ್ಲಿ ಎಲ್ಲಾದರೂ ಒಲೆಯ ಮುಂದೆ ಕೂತಾಗ ಅವ್ವನ ಸುದ್ದಿ ತೆಗೆದಾನು, ಇಬ್ಬರೂ ಒಂದಿಷ್ಟು ಅತ್ತು ಹಗುರಾದೇವು ಅಂತ ಆಸೆ ಇತ್ತು.

ರಜೆ ಹತ್ತಿರ ಬಂದಾಗ ಅಪ್ಪ ಒಂದು ಕಡೆ ಸಿಕ್ಕಿಕೊಂಡ. ಮೊದಲ ಬೀಡು ಹೊಳಲ್ಕೆರೆ ದಾಟಿದ ಮೇಲೆ ಒಂದು ಕೆರೆಯ ಅಂಗಳ ಅಂತ ಗೊತ್ತುಮಾಡಿದ್ದೆವು. ಅದರ ಮೇಲೆ ಬೆರಳಿಟ್ಟುಕೊಂಡು, "ಮುಂದೆ ಯಾರು ಹೋಗ್ತಾರೆ?" ಅಂದ.

ಕುರಿಯವರಲ್ಲಿ ಗಂಡಸರು ಮಂದೆಯ ಜೊತೆ ಮೆಲ್ಲಗೆ ಬರುತ್ತಾರೆ. ಹೆಂಗಸು ಕತ್ತೆಯ ಮೇಲೆ ಪಾತ್ರೆಪಗಡಿ, ನಡೆಯಲಾರದ ಮರಿಗಳನ್ನು ಹೇರಿಕೊಂಡು ಮುಂಚೆಯೇ ಹೋಗಿ, ಬೀಡಿನ ಜಾಗದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಾಳೆ. ಹಿಂದಿನಿಂದ ಬರುವವರು ಆ ಹೊಗೆ ನೋಡಿಕೊಂಡು ಬಂದು ಸೇರಬೇಕು. ಅಪ್ಪನಿಗೆ ಆಯುಷ್ಯವಿಡೀ ಮುಂದೆ ಹೋದವಳು ಅವ್ವ. ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೇ ಇಳಿಯುತ್ತೀವಲ್ಲ ಅಂತ ಹೇಳಲು ಬಾಯಿ ತೆರೆದೆ, ಅವನ ಮುಖ ನೋಡಿ ಮುಚ್ಚಿದೆ.

"ನಾನು ಹೋಗ್ತೀನಿ ಬಿಡು" ಅಂದೆ.

"ನಿಂಗೆ ಬರತೈತಾ?"

"ಒಲೆ ಹೂಡಾಕೆ ಟ್ರೈನಿಂಗ್ ಬೇಕೇನಪ್ಪಾ?"

ಅವನು ತಲೆಯಾಡಿಸಿದ. ಹೊರಡುವ ದಿನ ನಾನು ಬೆಳಗಿನ ಬಸ್ಸಿಗೆ, ಅವನು ಮಧ್ಯಾಹ್ನದ ಬಸ್ಸಿಗೆ. ಕೇಳಿದವರು ನಗುತ್ತಾರೆ ಅಂತ ಯಾರಿಗೂ ಹೇಳಲಿಲ್ಲ.

ಕೆರೆಯಲ್ಲಿ ನೀರು ತಳ ಕಂಡಿತ್ತು. ಜಾಲಿಯ ನೆರಳಲ್ಲಿ ಟಾರ್ಪಾಲು ಕಟ್ಟಿ, ಪುಳ್ಳೆ ಆಯ್ದು ಒಲೆ ಹಚ್ಚಿದೆ. ಗಾಳಿಗೆ ಹೊಗೆಯೆಲ್ಲ ಕಣ್ಣಿಗೇ ನುಗ್ಗಿತು. ತಲೆ ತುಂಬ ಸೆರಗು ಹೊದ್ದು, ಬಗ್ಗಿ ಊದಿ ಊದಿ ಹೇಗೋ ಮುದ್ದೆ ತಿರುವಿ, ಹುರುಳಿ ಸಾರು ಕಾಸಿದೆ. ಬಟ್ಟೆ ಒಗೆದು ಹೊರಟಿದ್ದ ಊರಿನ ಹೆಂಗಸೊಬ್ಬಳು ನಿಂತು, "ಕುರಿ ಎಲ್ಲವ್ವಾ?" ಅಂದಳು. "ಕುರಿ ಇಲ್ಲಕ್ಕ" ಅಂದೆ. ಅವಳು ಒಲೆ ನೋಡಿದಳು, ನನ್ನನ್ನು ನೋಡಿದಳು, ಬಟ್ಟೆಯ ಗಂಟು ಸರಿಮಾಡಿಕೊಂಡು ಹೋದಳು. ಏರಿಯ ಆಚೆ ಮಧ್ಯಾಹ್ನದ ಬಸ್ಸು ನಿಂತು ಹೊರಟ ಸದ್ದು ಕೇಳಿಸಿತು. ಹೊಗೆ ಕಾಣಲಿ ಅಂತ ಹಸಿ ಸೊಪ್ಪು ಹಾಕಿ ಇನ್ನೂ ಜೋರಾಗಿ ಊದಿದೆ.

ಅಪ್ಪ ಬರಲಿಲ್ಲ. ಆಮೇಲಿನ ಬಸ್ಸಿಗೂ ಬರಲಿಲ್ಲ. ಏರಿ ಹತ್ತಿ ನೋಡಿದೆ, ರಸ್ತೆ ಖಾಲಿ ಬಿದ್ದಿತ್ತು. ಎಲ್ಲಿ ಬಿದ್ದನೋ, ಯಾವ ಊರಲ್ಲಿ ಇಳಿದನೋ ಅಂತ ಜೀವ ಹೊಡೆದುಕೊಂಡಿತು. ಮುದ್ದೆ ಆರಿ ಕಲ್ಲಾಯಿತು. ಒಲೆಗೆ ನೀರು ಸುರಿದು, ಗಂಟುಮೂಟೆ ಹೊತ್ತುಕೊಂಡು, ಸಂಜೆಯ ಬಸ್ಸು ಹಿಡಿದು ವಾಪಸು ಬಂದೆ.

ಅಪ್ಪ ಜಗಲಿಯ ಮೇಲೆ ಕೂತಿದ್ದ, ಕಾಲಿನ ತುಂಬ ಧೂಳು. ನೋಡಿದ್ದೇ ತಡ, ಮೈಯೆಲ್ಲ ಉರಿಯಿತು. ಬೀದಿಯವರು ಕೇಳಿದರೆ ಕೇಳಲಿ ಅಂತ ಕೂಗಾಡಿದೆ. "ಬರಾಕೆ ಮನಸಿಲ್ಲ ಅಂದ್ರೆ ಹೇಳಬೇಕಿತ್ತು! ಅಲ್ಲಿ ನಾಯಿ ಕಾದಂಗೆ ಕಾದೆನಲ್ಲಪ್ಪಾ!"

ಅವನು ನಾನು ಮುಗಿಸುವವರೆಗೂ ಕೇಳಿಸಿಕೊಂಡ.

"ಬಂದಿದ್ದೆ ಕಣವ್ವ" ಅಂದ. "ಏರಿ ಮ್ಯಾಲೆ ನಿಂತ್ಕಂಡು ನೋಡ್ದೆ. ನೀನು ಸೆರಗು ಹೊದ್ದು ಒಲೆ ಊದ್ತಿದ್ದೆ. ನಿಮ್ಮವ್ವನೇ. ಸುಳ್ಳಲ್ಲ, ನಿಮ್ಮವ್ವನೇ ಕುಂತಿದ್ಳು. ಬಾಳ ಹೊತ್ತು ನೋಡ್ದೆ." ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ. "ಹತ್ರ ಬಂದ್ರೆ ನೀನಾಗಿಬಿಡ್ತಿದ್ದೆ. ಅದಕ್ಕೇ ಬರಲಿಲ್ಲ."

ನಾನು ಗಂಟು ಇಳಿಸದೆ ನಿಂತೇ ಇದ್ದೆ. ಅವ್ವನ ಸುದ್ದಿ ಕೊನೆಗೂ ಅವನ ಬಾಯಲ್ಲಿ ಬಂದಿತ್ತು.

"ನಾನಾಗಿದ್ರೆ ಏನಾಗ್ತಿತ್ತಪ್ಪಾ?" ಅಂದೆ.

ಅಪ್ಪ ಬೀದಿಯ ಕಡೆ ಮುಖ ತಿರುಗಿಸಿಕೊಂಡ.