ಕಾಕಂಬಿ ಮಾವನ ಕೋಟು

ಬೆಳಕು ಹರಿಯುವ ಹೊತ್ತು. ಮುಚ್ಚಿಹೋದ ಯಂತ್ರ ಕಾರ್ಖಾನೆಯ ಹಿತ್ತಲಲ್ಲಿ ಕಾಕಂಬಿ ಮಾವ ನೆಲದೊಳಗಿನ ಕೊಳವೆಗೆ ನೀರು ಬೆರೆಸಿದ ಕಾಕಂಬಿ ಹೊಯ್ಯುತ್ತಿದ್ದಾರೆ. ಸಕ್ಕರೆ ಕಾರ್ಖಾನೆಯಿಂದ ಬರುವ ಆ ಕಪ್ಪು ಅಂಟುಪಾಕ ಅವರ ಗಡ್ಡಕ್ಕೂ ಮೆತ್ತಿದೆ. ಇರುವೆಗಳಿಗೆ ಮಾವನೆಂದರೆ ಪಂಚಪ್ರಾಣ.

ಯಂತ್ರದ ಬಿಡಿಭಾಗಗಳ ಜಿಡ್ಡು ತೊಳೆದ ದ್ರಾವಕವನ್ನು ಇಲ್ಲಿ ವರ್ಷಗಟ್ಟಲೆ ನೆಲಕ್ಕೆ ಚೆಲ್ಲಿದರು. ಅದು ಅಂತರ್ಜಲಕ್ಕೆ ಇಳಿಯಿತು. ಪಕ್ಕದ ಬೀದಿಯ ಬಾವಿಗಳಿಗೆಲ್ಲ ತಗಡಿನ ಮುಚ್ಚಳ, ಬೀಗ ಬಿತ್ತು. ಮಾವನ ಮನೆಯ ಬಾವಿಗೂ.

"ಕೆಳಗೆ ನಮ್ಮ ಹುಡುಗ್ರಿದಾರೆ ಸಾರ್, ಕಣ್ಣಿಗೆ ಕಾಣದ ಜೀವಿಗಳು. ಮೊದಲನೇ ಪಂಕ್ತಿಯವರು ಕಾಕಂಬಿ ತಿಂದು ನೀರಲ್ಲಿರೋ ಗಾಳಿ ಮುಗಿಸ್ತಾರೆ. ಗಾಳಿ ಕಂಡ್ರಾಗದ ಎರಡನೇ ಪಂಕ್ತಿಯವರು ಆಮೇಲೆ ದ್ರಾವಕದಿಂದ ಒಂದೊಂದೇ ಕ್ಲೋರಿನ್ ಕೀಳ್ತಾರೆ. ಅರ್ಧಕ್ಕೆ ಬಿಟ್ರೋ, ಕೆಟ್ವಿ! ಮೊದಲಿಗಿಂತ ದೊಡ್ಡ ವಿಷ ಉಳಿಯುತ್ತೆ. ಅದಕ್ಕೇ ರಜೆ ಹಾಕಲ್ಲ," ಎನ್ನುತ್ತಾರೆ ಮಾವ, ಪತ್ರಿಕೆಗೆ ಬರೆಯಲು ಬಂದ ನನಗೆ.

"ಮನೇಲಿ ಸಕ್ಕರೆ ಮುಗೀತು ಅಂದ್ರೆ ಇವರಿಗೆ ಕೇಳಿಸಲ್ಲ. ಆ ಕೊಳವೆಗೆ ಮಾತ್ರ ಡ್ರಮ್ಮುಗಟ್ಟಲೆ!" ಎನ್ನುತ್ತಾರೆ ಅತ್ತೆ, ಅಂದರೆ ಮಾವನ ಹೆಂಡತಿ. ಟ್ಯಾಂಕರ್ ಹಿಂದೆ ಓಡಿ ಅವರ ಮಂಡಿ ಸವೆದಿದೆ. ತಮ್ಮ ಬಾವಿಯಿಂದ ಒಂದು ಕೊಡ ನೀರು ಸೇದಬೇಕೆಂಬುದೊಂದೇ ಅವರ ಆಸೆ.

ಇವತ್ತು ಆ ಬಾವಿಯ ಕೊನೆಯ ಪರೀಕ್ಷೆ. ಪತ್ರಿಕೆಗೆ ನಾನು ಫೋಟೋನೂ ತೆಗೆಯಬೇಕಲ್ಲ! ಅತ್ತೆ ಗಂಡನ ಮದುವೆಯ ಕೋಟನ್ನು ಡ್ರೈಕ್ಲೀನಿಂಗ್ ಮಾಡಿಸಿ ತೊಡಿಸಿದ್ದಾರೆ. ಮಾವ ಮದುಮಗನ ಹಾಗೆ ಬಾವಿಕಟ್ಟೆಗೆ ಬರುತ್ತಾರೆ. ಮಾದರಿ ಸೀಸೆ ಹಿಡಿದಿದ್ದ ಲ್ಯಾಬಿನ ಹುಡುಗಿ ಚೀರುತ್ತಾಳೆ.

"ಅಯ್ಯೋ ಮಾವಾ, ದೂರ ಹೋಗಿ! ಕೋಟಿನ ಡ್ರೈಕ್ಲೀನಿಂಗ್ ವಾಸನೆ ನೆಲಕ್ಕೆ ಚೆಲ್ಲಿದ ದ್ರಾವಕದ ಬಳಗದ್ದೇ. ಆವಿ ಸೀಸೆಗೆ ಸೇರಿದ್ರೆ ಬಾವೀನೇ ಫೇಲು!"

ಮಾದರಿ ಕೆಡುತ್ತದೆಂದು, ಸೆಂಟು ಹಾಕಿಕೊಂಡು ಬಂದವರನ್ನೆಲ್ಲ ಇಷ್ಟು ದಿನ ಅಟ್ಟುತ್ತಿದ್ದವರು ಇದೇ ಮಾವ. ಈಗ ಕೋಟು, ಅಂಗಿ ಎರಡನ್ನೂ ಕಿತ್ತೆಸೆದು ಬನಿಯನ್‌ನಲ್ಲಿ ರಸ್ತೆಯಾಚೆ ನಿಂತಿದ್ದಾರೆ. "ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ರೀ!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಅತ್ತೆಯ ಕಣ್ಣಲ್ಲಿ ನೀರು. ನಗು ಬಂದರೂ ನಾನು ಕ್ಯಾಮೆರಾ ಕೆಳಗಿಳಿಸುತ್ತೇನೆ. ಗಾಳಿ ತಿಳಿಯಾಗುವವರೆಗೂ ಕಾದು ಹುಡುಗಿ ಸೀಸೆ ತುಂಬುತ್ತಾಳೆ.

ವಾರ ಕಳೆದು ನಾನು ಮತ್ತೆ ಹೋದರೆ ಬಾವಿಗೆ ಬೀಗವಿಲ್ಲ. ಬಾವಿ ಪಾಸು! ಅತ್ತೆ ಮೊದಲ ಕೊಡ ಸೇದಿದವರೇ ನೆಟ್ಟಗೆ ಬಚ್ಚಲಿಗೆ ಒಯ್ದು, ಅದೇ ಕೋಟನ್ನು ಅದ್ದುತ್ತಾರೆ.

"ಕುಗ್ಗಿಹೋಗುತ್ತೆ ಕಣೇ!"

"ಕುಗ್ಲಿ ಬಿಡಿ. ನೀವೂ ಕುಗ್ಗಿದ್ದೀರಲ್ಲ, ಸರಿಹೋಗುತ್ತೆ."

ಮಾವ ನನ್ನ ಕಡೆ ತಿರುಗುತ್ತಾರೆ. "ಫೋಟೋ ಬನಿಯನ್ನಲ್ಲೇ ತೆಗೀರಿ ಸಾರ್. ಹಿಂದೆ ಮುಚ್ಚಳ ಇಲ್ಲದ ಬಾವಿ ಕಂಡ್ರೆ ಸಾಕು."