ತಳ ನೋಡುವವರು

ಶಹಾಪುರದ ಸಾಕುಮೀನಿನಂಗಡಿಯ ಮಾಲೀಕರು ದೀಪ ನೋಡುತ್ತಿರಲಿಲ್ಲ, ತೊಟ್ಟಿಯ ತಳ ನೋಡುತ್ತಿದ್ದರು. ಏಳನೆಯ ತರಗತಿಗೇ ಶಾಲೆ ಬಿಟ್ಟು ವೈರಿಂಗ್ ಕಲಿತ ನಾನು ಅವರ ಉಪ್ಪುನೀರಿನ ತೊಟ್ಟಿಗೆ ಎರಡು ಟ್ಯೂಬ್‌ಲೈಟ್ ಕೂರಿಸಿದ್ದೆ. ವಾರದೊಳಗೆ ಅದರಲ್ಲಿ ಬೆಳೆಸಿದ್ದ ಜೀವಂತ ಹವಳ ಮುದುಡಿತು.

“ಇನ್ನೊಂದು ಟ್ಯೂಬ್ ಹಾಕ್ಲೇನ್ರಿ?”

“ಹವಳ ಸಾಯಾಕತ್ತದ, ನೀ ಮ್ಯಾಲ ನೋಡಾಕತ್ತಿ. ತಳ ನೋಡೋ, ಮಿಸ್ತ್ರಿ!”

ಮಧ್ಯಾಹ್ನ ನನ್ನನ್ನು ಕಾಲುವೆಗೆ ಕರೆದೊಯ್ದು, ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದರು. ತಳದ ಕಲ್ಲುಗಳ ಮೇಲೆ ಬಿಸಿಲು ಬಲೆಯಂತೆ ಅಲುಗುತ್ತಿತ್ತು.

“ಸಮುದ್ರದಾಗ ಹವಳದ ಮ್ಯಾಲ ಬಿಸಿಲು ಹಿಂಗ ಆಡ್ತದ. ನಿನ್ನ ಬೆಳಕು ಗೋಡಿಗೆ ಸುಣ್ಣ ಬಳದಂಗದ.”

ಟ್ಯೂಬ್ ಬಿಚ್ಚಿ, ನೀಲಿ ಬೆರೆತ ಬಿಳಿ ಬೆಳಕಿನ ಒಂದೇ ಎಲ್‌ಇಡಿ ದೀಪವನ್ನು ಎತ್ತರದಲ್ಲಿ ತೂಗುಹಾಕಿದೆ. ಅವರು ಪಂಪಿನಿಂದ ನೀರಿನ ಮೇಲ್ಮೈ ಕದಡಿದರು. ತೊಟ್ಟಿಯ ತಳದಲ್ಲಿ ಅದೇ ಬೆಳಕಿನ ಬಲೆ ಬಿತ್ತು.

ಕೆಲವು ದಿನಗಳಲ್ಲಿ ಹವಳ ಅರಳಿತು.

“ಛಲೋ ದೀಪ ಹಾಕಿದಿ ಬಿಡು,” ಎಂದರು. ಆ ದೀಪವನ್ನು ಅವರು ಇನ್ನೂ ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.