ಪಿಸ್ತೂಲು ಹಿಡಿದವಳ ಮಾತು

ಕಲಬುರಗಿಯ ಗಾಜಿಪುರದ ತಳ್ಳುಗಾಡಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಘಮಘಮಿಸುತ್ತಿತ್ತು. ಗಂಡ ಹೊರಗಟ್ಟಿದ ಸೋದರತ್ತೆ ಕಮಲಾಪುರದ ನಮ್ಮ ಮನೆಗೆ ಬಂದ ಕಾಲ ನೆನಪಾಯಿತು.

ಟಿವಿಯಲ್ಲಿ ಹಿಂದಿ ಸಿನಿಮಾ ಹತ್ತಿದರೆ, ಹಣ್ಣು ಸುಲಿಯುತ್ತ ಕೂತ ಅಜ್ಜಿಗೆ ಪ್ರತಿ ಮಾತನ್ನೂ ಅತ್ತೆಯೇ ಕನ್ನಡದಲ್ಲಿ ಹೇಳಬೇಕು. ಅಂದು ಮೋಸಹೋದ ನಾಯಕಿ ಗಂಡನ ಹಣೆಗೆ ಪಿಸ್ತೂಲು ಹಿಡಿದಿದ್ದಳು.

"ಏನಂತಾಳವಾ ಆಕಿ?" ಎಂದಳು ಅಜ್ಜಿ.

"'ನಿನ್ನ ಕೊಂದು ನಾ ಯಾಕ ಜೇಲಿಗಿ ಹೋಗ್ಲಿ? ಕಲಬುರಗಿಗಿ ಹೋಗಿ ವಕೀಲಿ ಓದ್ತೀನಿ' ಅನ್ನಾಕತ್ತಾಳ."

ಅಷ್ಟರಲ್ಲಿ ಢಂ ಎಂದು ಗುಂಡು ಹಾರಿತು. ಅಜ್ಜಿ ಮಗಳ ಮುಖವನ್ನೇ ನೋಡಿದಳು.

"ಆಕಿದಿರ್ಲಿ. ನೀ ಯಾವಾಗ ಹೋಗ್ತಿ?"

ಇಂದು ಹಣ್ಣು ಹಿಡಿದು ಅತ್ತೆಯ ವಕೀಲಿ ಆಫೀಸಿಗೆ ಹೋದೆ. ಎದುರು ಕೂತ ಹೆಂಗಸು, "ನನ್ನ ಗಂಡನ್ನ ಕಡದ ಹಾಕ್ತೀನ್ರೀ" ಎಂದು ಬಿಕ್ಕುತ್ತಿದ್ದಳು. ಅತ್ತೆ ಹಣ್ಣು ಸುಲಿದು ಅವಳ ಕೈಗಿಟ್ಟಳು.

"ಮೊದಲ ಇದನ್ನ ತಿನ್ನವಾ. ಆಮ್ಯಾಲ ಕೇಸ್ ಹಾಕೂಣು."